ತಮ್ಮ ಅಮೃತಹಸ್ತದಿಂದ ಆದ ಸ್ಕೀ ಜೋಡಿಯ ಕುರಿತು

ಸ್ವಂತ ಷೆಡ್ಡಿನಲ್ಲಿ, ಸ್ವಂತ ಕೈಯಿಂದ ಸ್ಕೀ ತಯಾರಿಸುವ ಮಾನ್ಯ ಮಹಾಶಯರಿಗೆ,

ಡೆನ್ವರ್ ಪಕ್ಕದ ಅರೋರಾದಲ್ಲಿ ಹದಿನಾಲ್ಕು ವರ್ಷದಿಂದ ಬೀಡುಬಿಟ್ಟಿರುವ ಸಾಗರ ಸೀಮೆಯವನೊಬ್ಬನ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ, ಎಡಗಾಲಿನ ಸ್ಕೀ ಒಂದನ್ನು ಬಿಟ್ಟು. ತಮ್ಮ ಕ್ಷೇಮ ಸಮಾಚಾರಕ್ಕೆ ಕಾದಿದ್ದೇವೆ. ಕಳೆದ ಏಪ್ರಿಲ್‌ನಿಂದ ಕಾಯುತ್ತಲೇ ಇದ್ದೇವೆ.

ತಮಗೆ ಕನ್ನಡ ಬಾರದೆಂದು ಬಲ್ಲೆ. ಆದರೆ ಇಂಗ್ಲಿಷಿನಲ್ಲಿ ಬರೆದ ನಾಲ್ಕು ಪತ್ರಕ್ಕೂ ಉತ್ತರ ಬರಲಿಲ್ಲವಾದ್ದರಿಂದ ತಮಗೆ ಎಲ್ಲ ಭಾಷೆಯೂ ಒಂದೇ ಎಂದು ಅರ್ಥ ಮಾಡಿಕೊಂಡೆ. ಹಾಗಿದ್ದಮೇಲೆ ನನಗೆ ಬೈಯಲು ಸಲೀಸಾದ ಭಾಷೆಯಲ್ಲೇ, ಕ್ಷಮಿಸಿ, ಕೃತಜ್ಞತೆ ಹೇಳಲು ಸಲೀಸಾದ ಭಾಷೆಯಲ್ಲೇ ಬರೆಯೋಣ ಅಂತ ಕೂತೆ. ತಮ್ಮ ಹೆಸರು ಹಾಕಿಲ್ಲ. ತಮ್ಮಂಥವರು ಇನ್ನೂ ಕೆಲವರಿದ್ದಾರಂತೆ, ಒಬ್ಬರ ಹೆಸರು ಮಾತ್ರ ಹಾಕಿದರೆ ಉಳಿದವರಿಗೆ ಬೇಜಾರಾದೀತು.

ಮೂರು ವರ್ಷದ ಹಿಂದಿನ ಆ ಅಕ್ಟೋಬರ್ ಬೆಳಗ್ಗೆ ತಮಗೆ ನೆನಪಿದೆಯೋ ಇಲ್ಲವೋ. ನಾನು ತಮ್ಮ ಷೆಡ್ಡಿಗೆ ಬಂದೆ. ಬಾಗಿಲಲ್ಲಿ ನಾಯಿ, ಒಳಗೆ ಮರದ ಹೊಟ್ಟಿನ ವಾಸನೆ, ಗೋಡೆಯ ಮೇಲೆ ತಮ್ಮ ತಾತನ ಹಳೆಯ ಉಜ್ಜುಗೊರಡು, ಒಲೆಯ ಮೇಲೆ ಕಾಫಿ. ತಾವು ಕೈಯ ಅಂಟನ್ನು ಪ್ಯಾಂಟಿಗೆ ಒರೆಸಿಕೊಂಡು ಕೈಕುಲುಕಿದಿರಿ. ದೊಡ್ಡ ಕಂಪನಿಗಳ ಸ್ಕೀಗೆ ಆತ್ಮ ಇಲ್ಲ ಎಂದಿರಿ. ಪ್ರತಿಯೊಂದು ಜೋಡಿಯನ್ನೂ ನಾನೇ ನನ್ನ ಕೈಯಾರೆ ಮಾಡುತ್ತೇನೆ ಎಂದಿರಿ. ನಮ್ಮೂರ ಕಡೆ ಶಂಕುಸ್ಥಾಪನೆಗೆ, ಪುಸ್ತಕ ಬಿಡುಗಡೆಗೆ ಬರುವ ಗಣ್ಯರದ್ದೆಲ್ಲ ಅಮೃತಹಸ್ತ. ಆಹ್ವಾನ ಪತ್ರಿಕೆಯಲ್ಲಿ ಹಾಗೇ ಅಚ್ಚಾಗುತ್ತದೆ. ಆ ಹಸ್ತವನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. 1,350 ಡಾಲರ್ ಕೊಟ್ಟು ಬಂದೆ. ಊರಿನಲ್ಲಿದ್ದ ಅಮ್ಮ ಫೋನಿನಲ್ಲಿ ಲೆಕ್ಕ ಕೇಳಿ, "ಎರಡು ಹಲಗೆಗಾ? ಆ ದುಡ್ಡಲ್ಲಿ ಕೊಟ್ಟಿಗೆಗೆ ಪೂರ್ತಿ ಹಂಚು ಹೊದಿಸಬಹುದಿತ್ತಲ್ಲೋ" ಎಂದಳು. ಹಲಗೆ ಅಲ್ಲಮ್ಮ, ಕುಶಲಕಲೆ ಎಂದೆ.

ಈ ಪತ್ರ ಬಹಿರಂಗವಾದ್ದರಿಂದ ಊರಿನವರೂ ಓದುತ್ತಾರೆ. ಅವರಿಗಾಗಿ ಒಂದೆರಡು ಮಾತು. ಸ್ಕೀ ಎಂದರೆ ಹಿಮದ ಇಳಿಜಾರಿನಲ್ಲಿ ಜಾರುವುದಕ್ಕೆ ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಪಟ್ಟಿ, ಆಳೆತ್ತರದ್ದು, ಅಂಗೈ ಅಗಲದ್ದು, ಮೂತಿ ಮೇಲಕ್ಕೆ ಬಾಗಿರುತ್ತದೆ. ನಮಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ಹಿಮವೇ ಬೀಳದ ಕೊಡಗಿನಲ್ಲಿ ಹುಟ್ಟಿದ ಭವಾನಿ ತೆಕ್ಕಡ ನಂಜುಂಡ ಕ್ರಾಸ್-ಕಂಟ್ರಿ ಸ್ಕೀಯಲ್ಲಿ ಭಾರತಕ್ಕಾಗಿ ಸ್ಪರ್ಧಿಸಿದವರು. ನಾನು ಸ್ಪರ್ಧಿಸುವವನಲ್ಲ. ಶನಿವಾರ ಬೆಳಗ್ಗೆ ಐದಕ್ಕೆ ಎದ್ದು, ಐ-70 ಹೆದ್ದಾರಿಯ ಟ್ರಾಫಿಕ್‌ನಲ್ಲಿ ಎರಡು ತಾಸು ಕೂತು, ಬೆಟ್ಟದ ಮೇಲೆ ನಾಲ್ಕು ಸಲ ಜಾರಿ, ಎರಡು ಸಲ ಬಿದ್ದು, ಡಬ್ಬಿಯಲ್ಲಿ ಒಯ್ದ ಚಿತ್ರಾನ್ನ ತಿಂದು ಬರುವ ಜಾತಿ.

ಮೇಲುಹಾಳೆಯ ಮೇಲೆ ಯಾವ ಚಿತ್ರ ಬೇಕಾದರೂ ಹಾಕಿಕೊಡುತ್ತೇನೆ ಎಂದಿದ್ದಿರಿ. ನಾನು ಯಕ್ಷಗಾನದ ಕಿರೀಟ ಕೇಳಿದೆ, ಬಣ್ಣದ ವೇಷದ ದೊಡ್ಡ ಕಿರೀಟ. ಕೆಂಪು ಇನ್ನಷ್ಟು ಕೆಂಪಾಗಲಿ, ಚಿನ್ನದ ಬಣ್ಣ ಇನ್ನಷ್ಟು ಮಿಂಚಲಿ ಅಂತ ನಮ್ಮಿಬ್ಬರ ನಡುವೆ ಹನ್ನೊಂದು ಇ-ಮೇಲ್ ಓಡಾಡಿದವು. ಈಗ ಕೂತು ಆ ಹನ್ನೊಂದನ್ನೂ ಓದಿದೆ. ಒಳಗಿನ ಮರ ಯಾವುದು ಅಂತ ಒಂದರಲ್ಲೂ ನಾನು ಕೇಳಿಲ್ಲ. ಅಂಟು ಎಂಥದ್ದು, ಅಡಿಯ ಪ್ಲಾಸ್ಟಿಕ್ ಎಷ್ಟು ದಪ್ಪ, ಕೇಳಿಲ್ಲ. ಕೇಳದ್ದನ್ನು ತಾವಾಗಿ ಹೇಳುವುದು ದೊಡ್ಡವರ ಲಕ್ಷಣವಲ್ಲ, ತಾವೂ ಹೇಳಲಿಲ್ಲ. ಈ ವಿಷಯದಲ್ಲಿ ತಪ್ಪು ಅರ್ಧ ನನ್ನದು ಎಂದು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಕಿರೀಟ ಮಾತ್ರ ಅದ್ಭುತವಾಗಿ ಬಂತು. ಪಾರದರ್ಶಕ ನೈಲಾನ್ ಹಾಳೆಯ ಒಳಮೈಗೆ ಅಚ್ಚೊತ್ತುವುದರಿಂದ ಸಣ್ಣಪುಟ್ಟ ಗೀರಿಗೆಲ್ಲ ಬಣ್ಣ ಹೋಗುವುದಿಲ್ಲ. ಇವತ್ತಿಗೂ ಹೊಸದರ ಹಾಗಿದೆ. ಅದರ ಅಡಿಯಲ್ಲಿದ್ದ ಸ್ಕೀಯೇ ಹೋಗಿದ್ದು.

ಮೊದಲ ಶುಭಸೂಚನೆ ಮನೆಗೆ ತಂದ ದಿನವೇ ಸಿಕ್ಕಿತ್ತು. ಸ್ಕೀಯ ನಡು ಸ್ವಲ್ಪ ಕಮಾನಿನಂತೆ ಎದ್ದಿರುತ್ತದಲ್ಲ, ನಿಂತಾಗ ಮೈಭಾರ ತುದಿಯಿಂದ ತುದಿಗೆ ಹಂಚಿಹೋಗಲಿ ಅಂತ. ಊಟದ ಮೇಜಿನ ಮೇಲೆ ಎರಡನ್ನೂ ಇಟ್ಟು ಮಗ ಆಟಕ್ಕೆ ಪೆನ್ಸಿಲ್ ಉರುಳಿಸಿದ. ಬಲಗಡೆಯದರ ನಡುವಿನ ಕೆಳಗೆ ಪೆನ್ಸಿಲ್ ಸಲೀಸಾಗಿ ದಾಟಿ ಆಚೆ ಬಿತ್ತು. ಎಡಗಡೆಯದರ ಕೆಳಗೆ ಸಿಕ್ಕಿಕೊಂಡಿತು. ತಮಗೆ ಫೋಟೋ ಕಳಿಸಿದೆ. ಆಗಿನ್ನೂ ತಾವು ಉತ್ತರ ಬರೆಯುತ್ತಿದ್ದ ಕಾಲ. ಯಂತ್ರದಿಂದ ಬಂದದ್ದಾದರೆ ಎರಡೂ ಒಂದೇ ಥರ ಇರುತ್ತವೆ, ಕೈಯಿಂದ ಮಾಡಿದ್ದಕ್ಕೆ ಅದರದ್ದೇ ವ್ಯಕ್ತಿತ್ವ ಇರುತ್ತದೆ ಎಂದು ಬರೆದಿರಿ. ಓದಿ ಪುಳಕಿತನಾದೆ. ನನ್ನ ಎಡಗಾಲಿಗೂ ಬಲಗಾಲಿಗೂ ಬೇರೆಬೇರೆ ವ್ಯಕ್ತಿತ್ವ ದಯಪಾಲಿಸಿದವರು ಅದುವರೆಗೆ ಯಾರೂ ಇರಲಿಲ್ಲ.

ತಮ್ಮ ವಾದಕ್ಕೆ ಪ್ರಾಚೀನ ಆಧಾರವೂ ಇದೆ ಎನ್ನುವುದು ಆಮೇಲೆ ಗೊತ್ತಾಯಿತು. ನಾರ್ವೆಯ ಡಿಗರ್‌ವಾರ್ಡೆನ್ ಎಂಬಲ್ಲಿ 2014ರಲ್ಲಿ ಮಂಜುಗಡ್ಡೆ ಕರಗಿ ಒಂದು ಹಳೆಯ ಮರದ ಸ್ಕೀ ಹೊರಬಿತ್ತು. ಪುರಾತತ್ವದವರು ಅದರ ಜೊತೆಗಾರನಿಗಾಗಿ ಏಳು ವರ್ಷ ಕಾದರು. 2021ರಲ್ಲಿ ಸ್ವಲ್ಪ ದೂರದಲ್ಲೇ ಇನ್ನೊಂದೂ ಸಿಕ್ಕಿತು. 187 ಸೆಂಟಿಮೀಟರ್ ಉದ್ದ, 17 ಸೆಂಟಿಮೀಟರ್ ಅಗಲ, ಕಾಲು ಕಟ್ಟುವುದಕ್ಕೆ ಹೊಸೆದ ಬರ್ಚ್ ರೆಂಬೆ ಮತ್ತು ತೊಗಲಿನ ಪಟ್ಟಿ. ಸುಮಾರು 1,300 ವರ್ಷದಷ್ಟು ಹಳೆಯದು. ಆ ಎರಡೂ ಒಂದೇ ಥರ ಇಲ್ಲ! ನೋಡಿದಿರಾ ಎಂದು ತಾವು ಷೆಡ್ಡಿನಿಂದ ಎದ್ದು ನಿಲ್ಲುವುದು ಇಲ್ಲಿಂದಲೇ ಕಾಣುತ್ತಿದೆ. ಆದರೆ ಕಾರಣ ಸ್ವಲ್ಪ ಬೇರೆ. ಅವು ಬೇರೆಬೇರೆಯಾಗಿ ಸವೆದು, ರಿಪೇರಿಯಾಗಿ, ಮತ್ತೆ ಸವೆದು, ಕೊನೆಗೆ ಯಾರದೋ ಕಾಲಲ್ಲಿ ಜೊತೆಯಾದವು. ಅಷ್ಟು ವ್ಯತ್ಯಾಸ ಬರುವುದಕ್ಕೆ ಅವಕ್ಕೆ ಒಂದು ಆಯುಷ್ಯ ಹಿಡಿಯಿತು. ತಾವು ಅದನ್ನು ಒಂದೇ ಮಧ್ಯಾಹ್ನದಲ್ಲಿ ಸಾಧಿಸಿದಿರಿ.

ಮೊದಲ ಎರಡು ಚಳಿಗಾಲ ಚೆನ್ನಾಗಿಯೇ ಕಳೆಯಿತು, ಸುಳ್ಳು ಹೇಳಬಾರದು. ಲಿಫ್ಟಿನ ಸಾಲಿನಲ್ಲಿ ನಿಂತಾಗ ಮೂರು ಜನರಾದರೂ ಕಿರೀಟ ನೋಡಿ ಇದೇನು ಅಂತ ಕೇಳುತ್ತಿದ್ದರು. ನಾನು ಯಕ್ಷಗಾನದಿಂದ ಶುರುಮಾಡಿ ತಮ್ಮ ಷೆಡ್ಡಿನ ನಾಯಿಯವರೆಗೆ ಹೇಳುತ್ತಿದ್ದೆ. ಮೂರನೆಯ ಚಳಿಗಾಲ, ಮಾರ್ಚ್ ಕೊನೆಯ ವಾರ, ಲವ್‌ಲ್ಯಾಂಡ್. ಐಸೆನ್‌ಹೋವರ್ ಸುರಂಗದ ನೆತ್ತಿಯ ಮೇಲಿನ ಬೆಟ್ಟ, ಬುಡವೇ 10,800 ಅಡಿ ಎತ್ತರದಲ್ಲಿದೆ. ಬೆಳಗಿನ ಹಿಮ ರಾತ್ರಿಯೆಲ್ಲ ಹೆಪ್ಪುಗಟ್ಟಿ ಕಡಪಾ ಕಲ್ಲಿನಂತಾಗಿತ್ತು. ಬಲಕ್ಕೆ ತಿರುಗುವುದಕ್ಕೆಂದು ಎಡಗಾಲಿಗೆ ಭಾರ ಹಾಕಿದೆ. ಕಾಲ ಕೆಳಗೆ ಹಪ್ಪಳ ಮುರಿದ ಸದ್ದು. ಮುಂದಿನ ಕ್ಷಣ ನಾನೊಂದು ಕಡೆ, ಕೋಲೊಂದು ಕಡೆ, ಚಿತ್ರಾನ್ನದ ಡಬ್ಬಿಯಿದ್ದ ಚೀಲ ಇನ್ನೊಂದು ಕಡೆ.

ಜೊತೆಗೆ ಬಂದಿದ್ದ ಸ್ನೇಹಿತರ ಎಂಟು ವರ್ಷದ ಮಗಳು ಜಾರಿಬಂದು ಪಕ್ಕದಲ್ಲಿ ನಿಂತಳು. ಭಾನುವಾರದ ಕನ್ನಡ ತರಗತಿಗೆ ತಪ್ಪದೆ ಹೋಗುವ ಕೂಸು. ಸ್ಕೀಯ ಹಿಂತುದಿಯನ್ನು ಬಗ್ಗಿ ನೋಡಿ, "ಮಾಮಾ, ನಿಮ್ಮ ಸ್ಕೀ ಬಾಯಿ ಬಿಟ್ಟಿದೆ" ಎಂದಳು. ತೆರೆದುಕೊಂಡಿದೆ ಎನ್ನುವ ಅರ್ಥದಲ್ಲಿ ಹೇಳಿದ್ದು ಪಾಪ. ಆದರೆ ಬಾಯಿ ಬಿಡುವುದು ಎಂದರೆ ನಮ್ಮಲ್ಲಿ ಇನ್ನೊಂದು ಅರ್ಥವಿದೆ, ಪೊಲೀಸ್ ಠಾಣೆಯಲ್ಲಿ ಆಗುವಂಥದ್ದು. ಆ ಅರ್ಥವೇ ನಿಜವಾಯಿತು. ನನ್ನ ಕೃತಜ್ಞತೆಯೆಲ್ಲ ಇರುವುದು ಇಲ್ಲೇ. ಗಟ್ಟಿಯಾದ ಸ್ಕೀ ಇಟ್ಟುಕೊಂಡವರು ಹತ್ತು ವರ್ಷ ಜಾರಿದರೂ ಅದರ ಒಳಗೇನಿದೆ ಅಂತ ನೋಡದೆಯೇ ಸಾಯುತ್ತಾರೆ. ನನಗೆ ಮೂರೇ ವರ್ಷದಲ್ಲಿ ದರ್ಶನವಾಯಿತು.

ಒಬ್ಬ ರಿಪೇರಿಯವನ ಹತ್ತಿರ ಒಯ್ದೆ. ಎಪ್ಪತ್ತರ ಆಸುಪಾಸಿನ ಮನುಷ್ಯ, ಮನೆಯ ಗ್ಯಾರೇಜೇ ಅಂಗಡಿ. ಕಿರೀಟದ ಕಡೆ ನೋಡಲೂ ಇಲ್ಲ. ಜೇಬಿನಿಂದ ಒಂದು ನಾಣ್ಯ ತೆಗೆದು ಸ್ಕೀಯ ಮೂತಿಯಿಂದ ಬಾಲದವರೆಗೆ ಒಂದೊಂದೇ ಇಂಚು ತಟ್ಟುತ್ತ ಬಂದ. ಟಕ್, ಟಕ್, ಟಕ್, ಟಕ್. ಹಿಮ್ಮಡಿಯ ಜಾಗ ದಾಟಿದ್ದೇ ಸದ್ದು ಬದಲಾಯಿತು. ಡಬ್, ಡಬ್. ನನಗೆ ತಕ್ಷಣ ಅಜ್ಜಿ ನೆನಪಾದಳು. ಹಲಸಿನಕಾಯಿಯನ್ನು ಹೀಗೇ ತಟ್ಟಿ, ಇದು ಇನ್ನೂ ನಾಲ್ಕು ದಿನ, ಇದು ಇವತ್ತೇ ಕೊಯ್ಯಿ ಎನ್ನುತ್ತಿದ್ದಳು. ಹಲಸಿನಲ್ಲಿ ಡಬ್ ಎಂದರೆ ಒಳ್ಳೆಯ ಸುದ್ದಿ. ಸ್ಕೀಯಲ್ಲಿ ಅಲ್ಲ. ಎಲ್ಲಿ ಡಬ್ ಅಂತೋ ಅಲ್ಲಿ ಪದರಕ್ಕೂ ಪದರಕ್ಕೂ ನಡುವೆ ಅಂಟು ಬಿಟ್ಟಿದೆ, ಗಾಳಿ ಕೂತಿದೆ. ಅವನು ಬಾಯಿಬಿಟ್ಟ ಜಾಗಕ್ಕಿಂತ ಒಂದೂವರೆ ಗೇಣು ಮುಂದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದ. ಕಣ್ಣಿಗೆ ಕಾಣುತ್ತಿದ್ದದ್ದು ನಾಲ್ಕು ಬೆರಳಿನಷ್ಟು ಬಿರುಕು. ಒಳಗೆ ಬಿಟ್ಟಿದ್ದು ಅದರ ಐದರಷ್ಟು.

ಆಮೇಲೆ ತೆಳ್ಳನೆಯ ಚಾಕು ತೂರಿಸಿ ಪದರ ಎಬ್ಬಿಸಿದ. ಒಂದೊಂದಾಗಿ ತೋರಿಸಿದ, ಒಬ್ಬಟ್ಟು ಬಿಡಿಸಿ ಕಣಕ ಎಷ್ಟು, ಹೂರಣ ಎಷ್ಟು ಅಂತ ತೋರಿಸುವ ಹಾಗೆ. ಅಡಿಯಲ್ಲಿ ಜಾರುವ ಪ್ಲಾಸ್ಟಿಕ್, ಅದರ ಎರಡು ಅಂಚಿಗೂ ಉಕ್ಕಿನ ಪಟ್ಟಿ. ಉಕ್ಕಿನ ಮೇಲೆ ಅದುರುವಿಕೆ ಹೀರುವುದಕ್ಕೆ ರಬ್ಬರಿನ ಎಳೆ. ಅದರ ಮೇಲೆ ಗಾಜಿನ ನಾರಿನ ಬಟ್ಟೆ. ನಡುವೆ ಮರ, ಉದ್ದುದ್ದ ಪಟ್ಟಿಗಳನ್ನು ಅಂಟಿಸಿದ್ದು. ಮರದ ಮೇಲೆ ಮತ್ತೆ ಗಾಜಿನ ಬಟ್ಟೆ. ಎಲ್ಲದರ ಮೇಲೆ ನಮ್ಮ ಕಿರೀಟ. ಇದಿಷ್ಟನ್ನೂ ಒಂದಾಗಿ ಹಿಡಿಯುವುದು ಎಪಾಕ್ಸಿ ಅಂಟು. ಒಂದು ಮೊಳೆ ಇಲ್ಲ, ಒಂದು ಬೆಣೆ ಇಲ್ಲ. ಪ್ರೆಸ್ಸಿನಲ್ಲಿಟ್ಟು ಬಿಸಿ ಮಾಡಿ ಒತ್ತಿದಾಗ ಆದದ್ದೇ ಆಯಿತು. ತಮ್ಮ ಹಾಗೆ ಷೆಡ್ಡಿನಲ್ಲಿ ಮಾಡುವವರು ಅನೇಕರು ಒತ್ತುವುದಕ್ಕೆ ಅಗ್ನಿಶಾಮಕದವರ ಹಳೆಯ ಪೈಪಿಗೆ ಗಾಳಿ ತುಂಬಿಸುತ್ತಾರಂತೆ. ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಪೈಪು ಹಳೆಯದಾದರೂ ಒತ್ತಡ ಎಲ್ಲ ಕಡೆ ಸಮನಾಗಿ ಬಿದ್ದರೆ ಸಾಕು.

ಮರದ ವಿಷಯ. ಇ-ಮೇಲಿನಲ್ಲಿ ಹೇಳದಿದ್ದರೂ ತಮ್ಮ ಕರಪತ್ರದಲ್ಲಿ ಆ್ಯಶ್ ಮತ್ತು ಮೇಪಲ್ ಎಂದಿತ್ತು. ಒಳಗಿದ್ದದ್ದು ಬಹುಪಾಲು ಪಾಪ್ಲರ್, ಬೂಟು ಹಿಡಿಯುವ ಬೈಂಡಿಂಗಿನ ಸ್ಕ್ರೂ ಕೂರುವ ಜಾಗದಲ್ಲಿ ಮಾತ್ರ ಎರಡು ಎಳೆ ಮೇಪಲ್. ಪಾಪ್ಲರ್ ಕೆಟ್ಟ ಮರವಲ್ಲ ಎಂದು ರಿಪೇರಿಯವನೇ ಹೇಳಿದ. ಹಗುರ, ಬಾಗುತ್ತದೆ, ಮತ್ತೆ ಸೆಟೆಯುತ್ತದೆ, ಒಳ್ಳೊಳ್ಳೆಯ ಸ್ಕೀಗಳಲ್ಲೂ ಅದೇ ಇರುತ್ತದೆ. ಹಾಗಿದ್ದರೆ ಪಾಪ್ಲರ್ ಅಂತಲೇ ಬರೆಯಬಹುದಿತ್ತಲ್ಲ? ಬಹುಶಃ ಕರಪತ್ರವೂ ಕೈಯಿಂದಲೇ ಮಾಡಿದ್ದಿರಬೇಕು, ಅದಕ್ಕೂ ಅದರದ್ದೇ ವ್ಯಕ್ತಿತ್ವ. ಬಾಲದ ಹತ್ತಿರ ಒಂದು ಪಟ್ಟಿಯಲ್ಲಿ ಕಾಸಿನಗಲದ ಗಂಟು. ಪಕ್ಕದ ಪಟ್ಟಿಗೂ ಅದಕ್ಕೂ ನಡುವೆ ಉಗುರು ಹೋಗುವಷ್ಟು ಸಂದು, ಅದನ್ನು ಅಂಟಿನಿಂದ ಮೆತ್ತಿ ಮುಚ್ಚಲಾಗಿತ್ತು.

ನಮ್ಮ ಮನೆಯ ಬಾಗಿಲು ಮಾಡಿದ ಆಚಾರಿಯೊಬ್ಬರಿದ್ದರು. ಹಲಸಿನ ಹಲಗೆಗಳನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿ ಎರಡು ಮಳೆಗಾಲ ಹಾಗೇ ಬಿಟ್ಟಿದ್ದರು. ಅಪ್ಪನಿಗೆ ಗೃಹಪ್ರವೇಶದ ಅವಸರ. ಆಚಾರಿ ಎಲೆಯಡಿಕೆ ಮೆಲ್ಲುತ್ತ, "ಹೆಗಡೇರೇ, ಹಸಿ ಮರಕ್ಕೆ ಉಳಿ ಹಾಕಿದ್ರೆ ಬಾಗಿಲು ಮಳೆಗಾಲಕ್ಕೊಂದು ಅಳತೆ ಹೇಳ್ತದೆ, ಬ್ಯಾಸಗೀಗೊಂದು ಹೇಳ್ತದೆ. ಆಮೇಲೆ ಬೈಯೋದು ನಂಗೇ ಅಲ್ದಾ" ಎಂದಿದ್ದರು. ಕೈಯಿಂದಲೇ ಮಾಡುತ್ತಿದ್ದರು ಅವರೂ. ಬೇರೆ ಏನಿಂದ ಮಾಡುತ್ತಾರೆ? ಕೈಯಿಂದ ಮಾಡಿದ್ದೇನೆ ಅಂತ ಒಂದು ದಿನವೂ ಹೇಳಿದ್ದು ಕೇಳಲಿಲ್ಲ.

ಅಂಟಿನ ಕಥೆ ಇನ್ನೂ ಸೊಗಸಾಗಿದೆ. ರಿಪೇರಿಯವನು ಬಿಟ್ಟ ಜಾಗದ ಅಂಟಿನ ಮೇಲೆ ಹೆಬ್ಬೆರಳಿನ ಉಗುರು ಒತ್ತಿದ. ಗುರುತು ಬಿತ್ತು! ಮೂರು ವರ್ಷದ ನಂತರವೂ ಗುರುತು ಬಿತ್ತು. ಎಪಾಕ್ಸಿ ಒಣಗಿ ಗಟ್ಟಿಯಾಗುವ ವಸ್ತುವಲ್ಲ. ರಾಳ ಒಂದು ಡಬ್ಬಿ, ಗಟ್ಟಿಕಾರಕ ಇನ್ನೊಂದು ಡಬ್ಬಿ, ಎರಡೂ ಸೇರಿ ಒಂದಕ್ಕೊಂದು ಕೊಂಡಿ ಹಾಕಿಕೊಂಡರೆ ಗಟ್ಟಿಯಾಗುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಂತ ಮೊದಲು ಅಂದುಕೊಂಡೆ, ಅದು ತಪ್ಪು. ಹೆಪ್ಪು ಒಂದು ಚಮಚ ಹೆಚ್ಚಾದರೆ ಮೊಸರು ಸ್ವಲ್ಪ ಹುಳಿಯಾದೀತು, ಕಡಿಮೆಯಾದರೆ ನಾಳೆ ಮಧ್ಯಾಹ್ನ ಆದೀತು. ಎಪಾಕ್ಸಿಯಲ್ಲಿ ಅಳತೆ ತಪ್ಪಿದರೆ ಜೊತೆ ಸಿಗದೆ ಉಳಿದ ಪಾಲು ಹಾಗೇ ಉಳಿದುಬಿಡುತ್ತದೆ. ನಾಳೆಯೂ ಆಗುವುದಿಲ್ಲ, ಮುಂದಿನ ವರ್ಷವೂ ಆಗುವುದಿಲ್ಲ. ತಾವು ತಕ್ಕಡಿಯಲ್ಲಿ ತೂಗಲಿಲ್ಲವೋ, ಸರಿಯಾಗಿ ಕಲಸಲಿಲ್ಲವೋ ದೇವರಿಗೇ ಗೊತ್ತು. ಅಮೃತಹಸ್ತಕ್ಕೆ ಅಳತೆ ಏಕೆ? ನಮ್ಮಮ್ಮನೂ ಉಪ್ಪು ಅಳೆದು ಹಾಕುವವಳಲ್ಲ. ಆದರೆ ಅವಳ ಸಾರನ್ನು ಯಾರೂ ಕಾಲಿಗೆ ಕಟ್ಟಿಕೊಂಡು ಬೆಟ್ಟ ಇಳಿಯುವುದಿಲ್ಲ.

ಅಡಿಯ ಪ್ಲಾಸ್ಟಿಕ್ಕಿಗೆ ಬರುತ್ತೇನೆ. ಅದು ಪಾಲಿಥೀನಿನ ಅಣ್ಣ, ಬಹಳ ಗಟ್ಟಿ ಜಾತಿಯದು. ಮಾಡುವ ದಾರಿ ಎರಡು. ಕರಗಿಸಿ, ಒರಳಿನಿಂದ ಚಕ್ಕುಲಿ ಒತ್ತಿದಂತೆ ಒತ್ತಿ ಹಾಳೆ ತೆಗೆಯುವುದು ಅಗ್ಗದ ದಾರಿ. ಪುಡಿಯನ್ನು ಶಾಖ ಮತ್ತು ಒತ್ತಡದಲ್ಲಿ ದೊಡ್ಡ ದಿಂಡು ಮಾಡಿ, ಆ ದಿಂಡನ್ನು ತಿರುಗಿಸುತ್ತ ತೆಳ್ಳಗೆ ಹಾಳೆ ಸುಲಿಯುವುದು ದುಬಾರಿ ದಾರಿ. ಎರಡನೆಯದು ಸವೆಯುವುದು ಕಡಿಮೆ, ಜಾರಲೆಂದು ಹಚ್ಚುವ ಮೇಣವನ್ನು ಚೆನ್ನಾಗಿ ಹೀರುತ್ತದೆ. ತಾವು ಹಾಕಿದ್ದು ಎರಡನೆಯದೇ, ಅದರಲ್ಲೂ ದಪ್ಪನೆಯದು. ಟೋಪಿ ತೆಗೆದು ನಮಸ್ಕಾರ. ಒಂದೇ ತೊಡಕು. ಈ ಪ್ಲಾಸ್ಟಿಕ್‌ಗೆ ಯಾವ ಅಂಟೂ ಸುಲಭವಾಗಿ ಹಿಡಿಯುವುದಿಲ್ಲ. ಹಿಡಿಯದಿರುವುದೇ ಅದರ ಗುಣ, ಹಿಡಿದಿದ್ದರೆ ಹಿಮದ ಮೇಲೆ ಇಷ್ಟು ಚೆನ್ನಾಗಿ ಜಾರುತ್ತಿರಲಿಲ್ಲ. ಹಾಗಾಗಿ ಒಳಮೈಯನ್ನು ಬೆಂಕಿಯ ಜ್ವಾಲೆ ತಾಗಿಸಿಯೋ, ಉಜ್ಜಿ ಒರಟು ಮಾಡಿಯೋ ಅಂಟಿಗೆ ತಯಾರು ಮಾಡಬೇಕು. ಆಮೇಲೆ ಅದನ್ನು ಬೆರಳಿನಿಂದ ಮುಟ್ಟಕೂಡದು, ನಮ್ಮ ಅಜ್ಜಿಯ ಮಡಿಗಿಂತ ಬಿಗಿ. ಉಕ್ಕಿನ ಅಂಚೂ ಹಾಗೇ. ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಕೈಗವಸು ಹಾಕಿಕೊಂಡೇ ಹಿಡಿಯಬೇಕು.

ಈ ಉಕ್ಕಿನ ಅಂಚಿಗೂ ಒಂದು ಕಥೆಯಿದೆ. ಸಾಲ್ಜ್‌ಬರ್ಗ್‌ನ ರುಡಾಲ್ಫ್ ಲೆಟ್ನರ್ ಎಂಬಾತ 1926ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಆಗ ಅವು ತುಂಡುತುಂಡು ಪಟ್ಟಿ, ಮರಕ್ಕೆ ಸಣ್ಣ ಸ್ಕ್ರೂ ಹಾಕಿ ಕೂರಿಸಿದ್ದು. ಸ್ಕ್ರೂ ಸಡಿಲವಾಗಿ ಉದುರುತ್ತಿದ್ದವು, ಜಾರುವವರು ಜೇಬಲ್ಲಿ ಬಿಡಿ ಸ್ಕ್ರೂ ಇಟ್ಟುಕೊಂಡು ಹೋಗುತ್ತಿದ್ದರು. ಕೆಟ್ಟರೆ ಅಲ್ಲೇ ಕೂತು ಸರಿಮಾಡಿಕೊಳ್ಳಬಹುದಿತ್ತು. ನಮ್ಮದು ಮುಂದುವರಿದ ಕಾಲ. ನಾನು ಜೇಬಲ್ಲಿ ಏನಿಟ್ಟುಕೊಳ್ಳಲಿ, ತಮ್ಮ ಪ್ರೆಸ್ಸನ್ನೇ?

ತಮ್ಮ ಷೆಡ್ಡಿನ ಗೋಡೆಯ ಮೇಲೆ ತಾತನ ಉಜ್ಜುಗೊರಡಿನ ಪಕ್ಕ ಜಾಗ ಇದ್ದರೆ ಹೊವರ್ಡ್ ಹೆಡ್ ಎಂಬಾತನ ಫೋಟೋ ಒಂದನ್ನು ತೂಗುಹಾಕಬೇಕೆಂದು ವಿನಂತಿ. ವಿಮಾನ ಕಾರ್ಖಾನೆಯ ಎಂಜಿನಿಯರ್. 1940ರ ದಶಕದ ಕೊನೆಯಲ್ಲಿ ಮರದ ಸ್ಕೀ ತೊಟ್ಟು ಒದ್ದಾಡಿ, ದೋಷ ನನ್ನದಲ್ಲ ಈ ಹಲಗೆಯದು ಎಂದು ತೀರ್ಮಾನಿಸಿ, ಬಾಲ್ಟಿಮೋರ್‌ನಲ್ಲಿ ಅಲ್ಯೂಮಿನಿಯಂ ಪದರದ ಸ್ಕೀ ಮಾಡಲು ಕೂತ. ಅವನದ್ದೂ ಸಣ್ಣ ಜಾಗವೇ. ಪದರಗಳನ್ನು ರಬ್ಬರ್ ಚೀಲದಲ್ಲಿ ಹಾಕಿ ಗಾಳಿ ಎಳೆದು, ಕುದಿಯುವ ಎಂಜಿನ್ ಆಯಿಲ್ ತೊಟ್ಟಿಗೆ ಇಳಿಸುತ್ತಿದ್ದ, ಬೋಂಡಾ ಬಿಟ್ಟ ಹಾಗೆ. ಮೊದಲು ಮಾಡಿದವನ್ನು ವರ್ಮಾಂಟ್‌ನ ಸ್ಟೋವ್ ಬೆಟ್ಟಕ್ಕೆ ಒಯ್ದರೆ ಅಷ್ಟೂ ಮುರಿದವು. ಮತ್ತೆ ಮಾಡಿದ, ಸ್ಕೀ ಕಲಿಸುವವರ ಕೈಯಲ್ಲಿ ಕೊಟ್ಟ, ಅವರು ಮುರಿದು ವಾಪಸ್ ಕಳಿಸಿದರು. ಎಲ್ಲಿ ಮುರಿಯಿತು ಅಂತ ನೋಡಿ ಮತ್ತೆ ಮಾಡಿದ. ಹೀಗೆ ಮೂರು ಚಳಿಗಾಲ ಕಳೆದು 1950ರ ಹೊತ್ತಿಗೆ ಮುರಿಯದ ಸ್ಕೀ ಕೈಗೆ ಬಂತು, ಆಮೇಲೆ ಮಾರತೊಡಗಿದ. ಮುರಿಯುವ ಸಂಭ್ರಮವನ್ನೆಲ್ಲ ಅವನೇ ಇಟ್ಟುಕೊಂಡ, ಗಿರಾಕಿಗೆ ಏನೂ ಉಳಿಸಲಿಲ್ಲ, ಸ್ವಾರ್ಥಿ. ತಾವು ಹಾಗಲ್ಲ.

ಸಣ್ಣ ಷೆಡ್ಡುಗಳ ಮೇಲೇ ನನಗೆ ಸಿಟ್ಟು ಅಂತ ತಿಳಿಯಬಾರದು. ಸ್ಕೀಯ ಚರಿತ್ರೆಯೆಲ್ಲ ಷೆಡ್ಡಿನದ್ದೇ. ಕೆ-ಟು ಎಂಬ ದೊಡ್ಡ ಹೆಸರು 1960ರ ದಶಕದಲ್ಲಿ ವಾಷಿಂಗ್ಟನ್ ರಾಜ್ಯದ ವಾಷೊನ್ ದ್ವೀಪದಲ್ಲಿ ಹುಟ್ಟಿತು, ಪ್ರಾಣಿಗಳಿಗೆ ಫೈಬರ್‌ಗ್ಲಾಸಿನ ಗೂಡು ಮಾಡುತ್ತಿದ್ದ ಬಿಲ್ ಕಿರ್ಷ್ನರ್ ಕೈಯಲ್ಲಿ. ಸ್ವಿಟ್ಜರ್ಲೆಂಡಿನ ಡಿಸೆಂಟಿಸ್ ಎಂಬ ಊರಿನಲ್ಲಿ 2003ರಲ್ಲಿ ಜಾಯ್ (Zai) ಎಂಬ ಪುಟ್ಟ ಕಂಪನಿ ಶುರುವಾಯಿತು. ಅಲ್ಲಿನ ರೊಮಾನ್ಷ್ ಭಾಷೆಯಲ್ಲಿ ಆ ಶಬ್ದಕ್ಕೆ ಗಟ್ಟಿ, ಜಗ್ಗದ್ದು ಅಂತ ಅರ್ಥ. ನಮ್ಮ ಕೊಲೊರಾಡೋದ್ದೇ ಮೈಯರ್ ಎಂಬ ಕಂಪನಿಯವರು ಜೀರುಂಡೆ ತಿಂದು ಕೊಂದ ಇಲ್ಲಿನ ಪೈನ್ ಮರಗಳನ್ನೂ ಆಸ್ಪೆನ್ ಮರವನ್ನೂ ಸ್ಕೀಯ ನಡುವಿಗೆ ಬಳಸಿ ಹೆಸರು ಮಾಡಿದರು. ಬೆಟ್ಟದ ತುಂಬ ಒಣಗಿ ನಿಂತಿರುವ ಆ ಮರಗಳನ್ನು ನೋಡಿದವರಿಗೆ ಅದು ಎಂಥ ಮಾತು ಅಂತ ಗೊತ್ತು. ದಪ್ಪ ಅಂಚು, ದಪ್ಪ ಅಡಿ, ಆರಿಸಿದ ಮರ, ಕೆಟ್ಟರೆ ಫೋನೆತ್ತುವ ಮನುಷ್ಯ: ದೊಡ್ಡ ಕಾರ್ಖಾನೆ ಕೊಡದ್ದನ್ನು ಸಣ್ಣವರು ಕೊಡಬಲ್ಲರು, ಕೊಡುತ್ತಲೂ ಇದ್ದಾರೆ.

ದೊಡ್ಡವರೂ ಕಮ್ಮಿಯಿಲ್ಲ ಬಿಡಿ. ಟೈಟನಲ್ ಎಂಬ ಲೋಹದ ಹಾಳೆ ಒಳಗಿದೆ ಎಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ. ನಾನು ಬಹಳ ದಿನ ಅದನ್ನು ಟೈಟಾನಿಯಂ ಅಂತಲೇ ನಂಬಿದ್ದೆ. ಅದು ಆಸ್ಟ್ರಿಯಾದಲ್ಲಿ ಆಗುವ ಅಲ್ಯೂಮಿನಿಯಂ ಮಿಶ್ರಲೋಹ, ಹೆಸರು ಮಾತ್ರ ಹಾಗೆ. ಲಕ್ಷ್ಮೀಪತಿ ಅಂತ ಹೆಸರಿಟ್ಟುಕೊಂಡವನ ಜೇಬಲ್ಲಿ ಏನಿರುತ್ತದೆ ಅಂತ ನಮಗೆ ಗೊತ್ತಿಲ್ಲವೇ? ವರ್ಷವರ್ಷವೂ ಚಿತ್ರ ಬದಲಿಸಿ, ಅದೇ ಸ್ಕೀಯನ್ನು ಹೊಸತೆಂದು ಮಾರುವುದೂ ಅವರಿಗೆ ಗೊತ್ತು. ಆದರೆ ಅವರ ಪ್ರೆಸ್ಸು ಎಷ್ಟು ಡಿಗ್ರಿಯಲ್ಲಿ ಎಷ್ಟು ಹೊತ್ತು ಒತ್ತಿತು ಎನ್ನುವುದು ಎಲ್ಲೋ ಒಂದು ಕಡೆ ದಾಖಲಾಗುತ್ತದೆ, ಅವರ ಅಂಟನ್ನು ಯಾರೋ ತೂಗುತ್ತಾರೆ. ಆತ್ಮ ಇಲ್ಲದಿದ್ದರೂ ತಕ್ಕಡಿ ಇದೆ.

ಕೊನೆಗೆ ಮುಖ್ಯ ವಿಷಯ. ರಿಪೇರಿಯವನು ಬಿಟ್ಟ ಜಾಗದ ಬುಡದಲ್ಲಿ, ಉಕ್ಕಿನ ಅಂಚಿನಿಂದ ಸ್ವಚ್ಛವಾಗಿ ಎದ್ದುಬಂದ ಅಂಟಿನ ಪದರವನ್ನು ದೀಪದ ಹತ್ತಿರ ಹಿಡಿದ. "ಇಲ್ಲಿ ನೋಡು" ಎಂದ. ಕನ್ನಡಕ ಸರಿಮಾಡಿಕೊಂಡು ನೋಡಿದೆ. ಒಂದು ಹೆಬ್ಬೆಟ್ಟಿನ ಗುರುತು. ಗೆರೆಗೆರೆಯಾಗಿ, ಸುರುಳಿಸುರುಳಿಯಾಗಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಒತ್ತಿದ್ದಕ್ಕಿಂತ ಸ್ಪಷ್ಟವಾಗಿ. ಒರೆಸಿಟ್ಟ ಉಕ್ಕನ್ನು ಜೋಡಿಸುವಾಗ ಯಾರೋ ಬರಿಗೈಯಲ್ಲಿ ಹಿಡಿದಿದ್ದರು. ಬೆರಳಿನ ಜಿಡ್ಡು ಕೂತ ಆ ಅಂಗುಲದಷ್ಟು ಜಾಗದಲ್ಲಿ ಅಂಟು ಹಿಡಿಯಲಿಲ್ಲ, ಜ್ಞಾಪಕ ಮಾತ್ರ ಇಟ್ಟುಕೊಂಡಿತು. ಅಲ್ಲಿಂದ ನೀರು ಹೊಕ್ಕು, ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ, ಹಗಲು ಕರಗಿ, ಮತ್ತೆ ಹಿಗ್ಗಿ, ಮೂರು ಚಳಿಗಾಲದಲ್ಲಿ ಬಿರುಕು ಬಾಲದವರೆಗೆ ನಡೆಯಿತು. ಕೈಯಿಂದ ಮಾಡಿದ್ದು ಎಂಬ ತಮ್ಮ ಮಾತನ್ನು ಸ್ನೇಹಿತರು ಅನುಮಾನಿಸುತ್ತಿದ್ದರು. ಇನ್ನು ಅನುಮಾನಕ್ಕೆ ಜಾಗವಿಲ್ಲ, ಮುದ್ರೆಯೇ ಇದೆ.

ಅವನು ಮೆತ್ತಗಿದ್ದ ಅಂಟನ್ನೆಲ್ಲ ಕೆರೆದು ತೆಗೆದ. ಮೂರು ದಿನ ಒಣಗಲು ಬಿಟ್ಟ. ಉಕ್ಕನ್ನು ಉಜ್ಜಿ, ಕೈಗವಸು ಹಾಕಿಕೊಂಡು ಒರೆಸಿದ. ಅಡುಗೆಮನೆಯ ಪುಟ್ಟ ಡಿಜಿಟಲ್ ತಕ್ಕಡಿಯ ಮೇಲೆ ಕಾಗದದ ಲೋಟ ಇಟ್ಟು ರಾಳ ಸುರಿದ, ಅಂಕಿ ನೋಡಿ ನಿಲ್ಲಿಸಿದ. ಗಟ್ಟಿಕಾರಕವನ್ನು ಹನಿಹನಿಯಾಗಿ ಬಿಟ್ಟ. ಒಂದು ಹನಿ ಹೆಚ್ಚು ಬಿತ್ತು. ಆ ಲೋಟವನ್ನು ಹಾಗೇ ಪಕ್ಕಕ್ಕಿಟ್ಟು ಹೊಸ ಲೋಟ ತೆಗೆದ. ಸಿರಿಂಜಿನಿಂದ ಅಂಟು ತೂರಿಸಿ, ಮೇಣದ ಕಾಗದ ಸುತ್ತಿ, ಮರದ ತುಂಡುಗಳ ನಡುವೆ ಆರು ಕ್ಲಾಂಪ್ ಬಿಗಿದು, ಬಲ್ಬಿನ ಕಾವಿನಲ್ಲಿ ರಾತ್ರಿಯಿಡೀ ಇಟ್ಟ. 60 ಡಾಲರ್ ತೆಗೆದುಕೊಂಡ. ಇಷ್ಟೆಲ್ಲ ಆಗುವಾಗ ಆತ್ಮದ ಬಗ್ಗೆ ಒಂದು ಮಾತೂ ಬರಲಿಲ್ಲ, ಮನುಷ್ಯ ಕಾಫಿಯನ್ನೂ ಕೊಡಲಿಲ್ಲ. ಈಗ ನಾಣ್ಯದಿಂದ ತಟ್ಟಿದರೆ ಆ ತುದಿಯಿಂದ ಈ ತುದಿಯವರೆಗೆ ಟಕ್ ಎನ್ನುತ್ತದೆ. ಎಡದ ಸ್ಕೀಯ ಬಾಲದಲ್ಲಿ ಒಂದು ಕಪ್ಪು ಗೆರೆ ಉಳಿದಿದೆ, ಕಿರೀಟಕ್ಕೆ ಗಡ್ಡ ಬಂದ ಹಾಗೆ.

ಬಲಗಡೆಯದನ್ನೂ ತಟ್ಟಿ ನೋಡಿಸಿದೆ. ಎಲ್ಲ ಕಡೆ ಟಕ್. ಅದನ್ನು ಮಾಡುವಾಗ ತಾವು ಕೈಗವಸು ಹಾಕಿಕೊಂಡಿದ್ದಿರಬೇಕು.

ಇಂತಿ ತಮ್ಮ ಆಜೀವ ಗಿರಾಕಿ,
ಅರೋರಾದ ಹೆಗಡೆ

ವಿ.ಸೂ.: ವಾರಂಟಿ ಅರ್ಜಿಯಲ್ಲಿ, ಈ ಸ್ಕೀ ತಮ್ಮಲ್ಲೇ ತಯಾರಾದದ್ದು ಎನ್ನುವುದಕ್ಕೆ ಪುರಾವೆ ಕೇಳಿದ್ದೀರಿ. ರಸೀದಿ ಕಳೆದುಹೋಗಿದೆ. ಹೆಬ್ಬೆಟ್ಟಿರುವ ಅಂಟಿನ ತುಣುಕನ್ನು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ತಾಳೆ ನೋಡಿಕೊಂಡು ವಾಪಸ್ ಕಳಿಸಿಕೊಡಿ, ಅಮ್ಮನಿಗೆ ತೋರಿಸಬೇಕು.